ಪ್ರೊಬೇಷನ್ ಹುಡುಗರು ಮತ್ತು ಮೊಬೈಲು: ಮಂಡ್ಯ ಸೀಮೆಯ ಪಾಠಗಳು

ತಪ್ಪು ಮಾಡಿದ್ದಾನೆಂದು ತೀರ್ಮಾನವಾದ ಹುಡುಗನನ್ನು ಬಾಲ ನ್ಯಾಯ ಮಂಡಳಿ ತಂದೆತಾಯಿಯ ಸುಪರ್ದಿಗೆ ಒಪ್ಪಿಸಿ, ಹೆಚ್ಚೆಂದರೆ 3 ವರ್ಷ ಸನ್ನಡತೆಯ ಪ್ರೊಬೇಷನ್ ಮೇಲೆ ಮನೆಗೆ ಕಳಿಸಬಹುದು. 2015ರ ಬಾಲ ನ್ಯಾಯ ಕಾಯ್ದೆಯ 18ನೇ ಕಲಂ ಇದಕ್ಕೆ ದಾರಿ ಕೊಟ್ಟಿದೆ. ಆಮೇಲಿನ ದಿನಗಳಲ್ಲಿ ಅವನ ಬೆನ್ನಿಗೆ ನಿಲ್ಲಬೇಕಾದವರು ಪರಿವೀಕ್ಷಣಾಧಿಕಾರಿಗಳಾದ ನಾವು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಮೊಬೈಲು ಈ ಕೆಲಸಕ್ಕೆ ಎಲ್ಲಿ ಒದಗಿತು, ಎಲ್ಲಿ ಕೆಡಿಸಿತು ಎಂಬುದನ್ನು ಈ ಹುದ್ದೆಗೆ ಹೊಸದಾಗಿ ಬರುವವರಿಗಾಗಿ ಬರೆಯುತ್ತಿದ್ದೇನೆ.

1. ಫೋನು ಯಾರದೆಂದು ಮೊದಲು ಕೇಳಿ

ಕಡತದಲ್ಲಿರುವ ನಂಬರು ಹುಡುಗನದಾಗಿರುವುದು ಅಪರೂಪ. ಅಪ್ಪನದೋ, ಚಿಕ್ಕಪ್ಪನದೋ, ಎಷ್ಟೋ ಸಲ ಪಕ್ಕದ ಮನೆಯವರದೋ ಆಗಿರುತ್ತದೆ. "ಫೋನು ಅವ್ರಪ್ಪನ ತಾವ ಐತೆ ಸಾ, ಆಲೆಮನೆಗೆ ಹೋದ್ರೆ ಬರೋದು ಕತ್ಲಾದ್ಮೇಲೆಯಾ" ಎಂದು ತಾಯಂದಿರು ಹೇಳುವುದು ಮಾಮೂಲು. ಹಾಗಾಗಿ ಕರೆಯ ಹೊತ್ತನ್ನು ಕಚೇರಿ ಗಡಿಯಾರ ನೋಡಿ ಗೊತ್ತುಮಾಡಬಾರದು, ಆ ಮನೆಯ ದುಡಿಮೆ ನೋಡಿ ಗೊತ್ತುಮಾಡಬೇಕು. ಇನ್ನೂ ಮುಖ್ಯವಾದ ಮಾತೊಂದಿದೆ. ಪಕ್ಕದ ಮನೆಯವರ ಫೋನಿಗೆ "ನಾಳೆ ಮಂಡಳಿಗೆ ಬನ್ನಿ" ಎಂದೊಂದು ಮೆಸೇಜು ಹೋದರೆ ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ ಮುಟ್ಟುತ್ತದೆ. ಮಗುವಿನ ಗುರುತು ಪ್ರಕಟವಾಗಕೂಡದೆಂದು ಕಾಯ್ದೆಯ 74ನೇ ಕಲಂ ಹೇಳುತ್ತದೆ. ಮೀರಿದರೆ 6 ತಿಂಗಳವರೆಗೆ ಸಜೆ, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪ್ರೊಬೇಷನ್ ಹುಡುಗರನ್ನೆಲ್ಲ ಸೇರಿಸಿ ವಾಟ್ಸಾಪ್ ಗುಂಪು ಮಾಡುವ ಯೋಚನೆಯನ್ನಂತೂ ಅಲ್ಲಿಗೇ ಬಿಟ್ಟುಬಿಡಿ.

2. ಒಂದು ಹಾಜರಿಯೆಂದರೆ ಇಬ್ಬರ ಕೂಲಿ

ಮಳವಳ್ಳಿಯ ಒಳಹಳ್ಳಿಯಿಂದ ಮಂಡ್ಯಕ್ಕೆ ಬರಲು ಎರಡು ಬಸ್ಸು ಹಿಡಿಯಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ತಾಯಿಗೆ ಟಿಕೆಟ್ಟಿನ ಖರ್ಚಿಲ್ಲ, ಮಗನಿಗೆ ಇದೆ. ಅದಕ್ಕಿಂತ ದೊಡ್ಡ ಪೆಟ್ಟು ಇಬ್ಬರ ಕೂಲಿಗೂ ಬೀಳುವುದು. ಕಬ್ಬು ಕಟಾವಿನ ಕಾಲದಲ್ಲಿ ಒಂದು ದಿನ ತಪ್ಪಿದರೆ ಮೇಸ್ತ್ರಿ ಬೇರೆಯವರನ್ನು ಹಚ್ಚಿಕೊಳ್ಳುತ್ತಾನೆ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಕಾಯಿ ತುಂಬುವ ಕೆಲಸ ಸಿಕ್ಕ ಹುಡುಗನನ್ನು ಸಹಿ ಹಾಕಿಸಲೆಂದೇ ಕರೆಸಿ, ಆ ಕೆಲಸ ತಪ್ಪಿಸಿದರೆ ನಾವು ಅವನಿಗೆ ಮಾಡಿದ ಉಪಕಾರವಾದರೂ ಏನು? ಮಂಡಳಿಯ ಒಪ್ಪಿಗೆ ಪಡೆದು ನಡುನಡುವಿನ ಹಾಜರಿಯನ್ನು ವಿಡಿಯೊ ಕರೆಗೆ ಬದಲಿಸಿಕೊಳ್ಳಿ. ಮೊದಲ ಭೇಟಿ ಮಾತ್ರ ಅವನ ಮನೆಯಲ್ಲೇ ಆಗಲಿ. ಹುಡುಗ ಶಾಲೆ ಬಿಟ್ಟ, ಕುಡಿತ ಹಿಡಿದ ಎಂಬ ಸುಳಿವು ಸಿಕ್ಕರೂ ಅಷ್ಟೆ, ಕೂಡಲೇ ಎದ್ದು ಹೊರಡಬೇಕು. ಕರೆ ಮಾಡಿದಾಗ ಪಕ್ಕದಲ್ಲಿ ಯಾರಿದ್ದಾರೆಂದು ಕೇಳಿ, "ಹಿತ್ತಲ ಕಡೆ ಬಾರಪ್ಪ" ಎಂದು ಹೇಳಿ. ಅಪ್ಪನ ಎದುರಿಗೆ ಯಾವ ಹುಡುಗನೂ ಬಾಯಿ ಬಿಡುವುದಿಲ್ಲ.

3. ನಕ್ಷೆಯ ಚುಕ್ಕೆ ನಂಬಿ ತೀರ್ಪು ಕೊಡಬೇಡಿ

"ಲೊಕೇಶನ್ ಹಾಕಿಸಿಕೊಂಡರೆ ಆಯಿತಲ್ಲ" ಎಂಬ ಸಲಹೆ ಮೇಲಿಂದ ಮೇಲೆ ಬರುತ್ತದೆ. ನಮ್ಮ ಸೀಮೆಯಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಎಷ್ಟೋ ಸಲ ಸರಿರಾತ್ರಿಯಲ್ಲಿ ಬರುತ್ತದೆ. ಹುಡುಗ ಟಾರ್ಚು ಹಿಡಿದು, ಪಂಚೆ ಎತ್ತಿ ಕಟ್ಟಿ, ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋಗಿರುತ್ತಾನೆ. ನಕ್ಷೆಯಲ್ಲಿ ಕಾಣುವುದು ಮಾತ್ರ "ಅಪರಾತ್ರಿಯಲ್ಲಿ ಊರಾಚೆ" ಎಂದು. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಾಡಿನ ಕಡೆ ಹೋದರೆ ನೆಟ್‌ವರ್ಕೇ ಸಿಗದು. ಸ್ವಿಚ್ ಆಫ್ ಬಂತೆಂದರೆ ತಲೆತಪ್ಪಿಸಿಕೊಂಡ ಎಂದರ್ಥವಲ್ಲ.

ಕಾನೂನೂ ಇದೇ ದಿಕ್ಕಿನಲ್ಲಿದೆ. ಆರೋಪಿ ತನ್ನ ಗೂಗಲ್ ಮ್ಯಾಪ್ ಪಿನ್ ಹಂಚಿಕೊಳ್ಳಬೇಕೆಂಬ ಜಾಮೀನು ಷರತ್ತು ಸಲ್ಲದೆಂದು ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು ಫ್ರಾಂಕ್ ವೈಟಸ್ ಪ್ರಕರಣದಲ್ಲಿ ಹೇಳಿತು. ಅದರ ಹಿಂದಿರುವ ಖಾಸಗಿತನದ ಹಕ್ಕು 2017ರಲ್ಲಿ ಸ್ಥಾಪಿತವಾದದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಸಲ್ಲಿಸಿದ ರಿಟ್ ಅರ್ಜಿಯಿಂದ. ಫ್ರಾಂಕ್ ವೈಟಸ್ ತೀರ್ಪು ಜಾಮೀನಿನ ವಿಷಯದ್ದು, ನಿಜ. ಆದರೆ ವಯಸ್ಕ ಆರೋಪಿಗೇ ಸಲ್ಲದ ಕಾವಲನ್ನು ಮಗುವಿನ ಮೇಲೆ ಹೇರುವುದನ್ನು ನಾನು ಒಪ್ಪಲಾರೆ.

4. ಫೋಟೊದಲ್ಲಿ ಮುಖ ಬೇಡ

ಮನೆಭೇಟಿಗೆ ಸಾಕ್ಷಿಯಾಗಿ ಜಾಗ, ಸಮಯ ಮುದ್ರೆಯಾದ ಜಿಪಿಎಸ್ ಫೋಟೊ ಕೇಳಿದರೆ ನಿಮ್ಮ ಡೈರಿಯ ಪುಟದ ಫೋಟೊ ತೆಗೆಯಿರಿ. ಮೊಬೈಲು ಎತ್ತಿ ಹಿಡಿದ ಕೂಡಲೇ ಜಗಲಿಯ ಮುಂದೆ ಜನ ಸೇರುತ್ತಾರೆ.

5. ವರದಿ ಆ ದಿನವೇ ಶುರುವಾಗಲಿ

ಪ್ರೊಬೇಷನ್ನಿಗೂ ಮೊದಲು, ಹುಡುಗನ ಮನೆಯ ಸ್ಥಿತಿಗತಿ ವಿಚಾರಿಸಿ ನಾವು ಬರೆಯುವ ಸಾಮಾಜಿಕ ತನಿಖಾ ವರದಿ ಕೊಡಲು ಇರುವುದು ಮಗುವನ್ನು ಮಂಡಳಿಯ ಮುಂದೆ ಹಾಜರುಪಡಿಸಿದ ದಿನದಿಂದ 15 ದಿನ ಮಾತ್ರ. ಮನೆಭೇಟಿ ಮುಗಿಸಿ ವಾಪಸು ಬರುವಾಗ ಮರದ ಕೆಳಗೆ ನಿಂತು ಧ್ವನಿ ಟೈಪಿಂಗಿನಲ್ಲಿ ಹೇಳಿಕೊಂಡರೆ ಅರ್ಧ ವರದಿ ಅಲ್ಲೇ ಸಿದ್ಧ. ಸಾಲವೆಷ್ಟಿದೆ, ಶಾಲೆ ಬಿಡಿಸಿದವರಾರು, ಮನೆಯಲ್ಲಿ ಹುಡುಗ ಯಾರ ಮಾತು ಕೇಳುತ್ತಾನೆ ಎಂಬುದೆಲ್ಲ ಮರೆಯುವ ಮೊದಲೇ ದಾಖಲಾಗುತ್ತದೆ. ನಮ್ಮ ಮಂಡ್ಯದ ಮಾತನ್ನು ಯಂತ್ರ ತಿರುಚಿ ಬರೆಯುವುದುಂಟು. ಓದಿ ತಿದ್ದದೆ ಕಳಿಸಬೇಡಿ.

6. ಅಳಿಸುವುದೂ ನಮ್ಮ ಕೆಲಸ

ವಯಸ್ಕನಂತೆ ವಿಚಾರಣೆ ಎದುರಿಸಿದ ಘೋರ ಅಪರಾಧದ ಪ್ರಕರಣ ಬಿಟ್ಟರೆ, ನಿಗದಿತ ಅವಧಿ ಕಳೆದಮೇಲೆ ದಾಖಲೆ ನಾಶವಾಗಬೇಕೆಂದು 24ನೇ ಕಲಂ ಹೇಳುತ್ತದೆ. ಕಚೇರಿಯ ಕಡತವೇನೋ ಹೋಗುತ್ತದೆ. ನಮ್ಮ ಗ್ಯಾಲರಿ, ವಾಟ್ಸಾಪ್ ಬ್ಯಾಕಪ್, ಗೂಗಲ್ ಡ್ರೈವ್‌ನಲ್ಲಿ ಉಳಿದದ್ದರ ಗತಿಯೇನು? ಬೇಕಾದ್ದನ್ನು ಕಡತಕ್ಕೆ ಸೇರಿಸಿ, ಮಿಕ್ಕದ್ದನ್ನು ಅವತ್ತೇ ಅಳಿಸಿ.

ಇಲಾಖೆಯಲ್ಲಿ ತೀರ್ಮಾನ ಮಾಡುವವರಲ್ಲಿ ನನ್ನದೊಂದು ಕೋರಿಕೆ. ಹೊಸ ಆ್ಯಪ್ ಮಾಡಿಸುವ ಮೊದಲು ಪ್ರತಿ ಪರಿವೀಕ್ಷಣಾಧಿಕಾರಿಗೂ ಕಚೇರಿಯದೇ ಒಂದು ಫೋನು, ಹಳ್ಳಿಗೆ ಹೋಗಿಬರಲು ಪ್ರಯಾಣದ ಖರ್ಚು ಕೊಡಿ. ಮಕ್ಕಳ ಗುಟ್ಟು ನಮ್ಮ ಸ್ವಂತ ಮೊಬೈಲಿನಲ್ಲಿ ಉಳಿಯುವಂತಾಗಬಾರದು.