ಪ್ರಿಸ್ಕಿಲ್ಲಳ ಮನೆಯ ಪಾಠ

ನಮ್ಮ ಶಾಲೆಯಲ್ಲಿ ಓದಿದ ಸಹೋದರಿಯರಲ್ಲಿ ಅನೇಕರು ಉಪಾಧ್ಯಾಯಿನಿಯರಾಗಿಯೂ, ಭಾನುವಾರದ ಶಾಲೆಯನ್ನು ನಡಿಸುವವರಾಗಿಯೂ, ಸ್ತ್ರೀಯರ ಸಂಘಗಳಲ್ಲಿ ಮುಂದಾಳುಗಳಾಗಿಯೂ ಇರುವುದು ನಮಗೆ ಸಂತೋಷಕರವಾದದ್ದು. ಆದರೆ ತಮ್ಮ ಸ್ಥಾನದಲ್ಲಿ ನಿಲ್ಲತಕ್ಕ ಒಬ್ಬಳನ್ನಾದರೂ ಸಿದ್ಧಪಡಿಸಿದವರು ಎಷ್ಟು ಮಂದಿ ಎಂದು ಕೇಳಿದರೆ ನಾವೆಲ್ಲರೂ ತಲೆತಗ್ಗಿಸಬೇಕಾಗುವುದು. ಇಪ್ಪತ್ತು ವರುಷ ಪಾಠ ಹೇಳಿದ ಒಬ್ಬರಿಗೆ ಜ್ವರ ಬಂದ ಭಾನುವಾರ ಆ ತರಗತಿಯನ್ನೇ ಮುಚ್ಚಬೇಕಾದದ್ದನ್ನು ನಾವು ಕಂಡಿದ್ದೇವೆ. ಅವರ ಶ್ರದ್ಧೆಯಲ್ಲಿ ಏನೂ ಕೊರತೆಯಿರಲಿಲ್ಲ. ಆದಕಾರಣ ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ.

ಅಕ್ವಿಲ, ಪ್ರಿಸ್ಕಿಲ್ಲ ಎಂಬವರು ಗಂಡಹೆಂಡಿರು. ಕ್ಲೌದ್ಯ ಚಕ್ರವರ್ತಿಯು ಯೆಹೂದ್ಯರನ್ನು ರೋಮಾಪುರದಿಂದ ಹೊರಡಿಸಿದಾಗ ಇವರು ಕೊರಿಂಥಕ್ಕೆ ಬಂದು ಗುಡಾರ ಮಾಡುವ ಕಸುಬಿನಿಂದ ಜೀವಿಸುತ್ತಿದ್ದರು. ಪೌಲನದೂ ಅದೇ ಕಸುಬಾದದ್ದರಿಂದ ಆತನು ಇವರಲ್ಲಿ ಇಳುಕೊಂಡು ಇವರ ಸಂಗಡ ಕೆಲಸಮಾಡಿದನು. ಆ ಪಟ್ಟಣದಲ್ಲಿ ಒಂದೂವರೆ ವರುಷ ಇದ್ದನು. ಇವರಿಗೆ ಬೇರೆ ಪಾಠಶಾಲೆ ಇದ್ದಂತೆ ಕಾಣುವುದಿಲ್ಲ. ಕೈಗಳು ಹೊಲಿಯುತ್ತಿರುವಾಗಲೇ ಕಿವಿಗಳು ಕಲಿತಿರಬೇಕು. ಬಳಿಕ ಪೌಲನು ಇವರನ್ನು ಎಫೆಸಕ್ಕೆ ಕರಕೊಂಡು ಹೋಗಿ, ಅಲ್ಲಿಯೇ ಬಿಟ್ಟು, ತಾನು ಮುಂದಕ್ಕೆ ಪ್ರಯಾಣಮಾಡಿದನು. ಈ ಬಿಟ್ಟುಹೋಗುವಿಕೆಯನ್ನು ಅಲ್ಪವೆಂದೆಣಿಸಬಾರದು. ಗುರುವು ಯಾವಾಗಲೂ ಎದುರಿಗಿದ್ದರೆ ಶಿಷ್ಯರು ಬಾಯಿ ತೆರೆಯುವುದು ಎಂದಿಗೆ?

ಆ ಮೇಲೆ ಅಲೆಕ್ಸಾಂದ್ರಿಯದ ಅಪೊಲ್ಲೋಸನು ಎಫೆಸಕ್ಕೆ ಬಂದನು. ಆತನು ವಾಗ್ಮಿ, ಶಾಸ್ತ್ರಗಳಲ್ಲಿ ಪ್ರವೀಣ. ಆದರೆ ಯೋಹಾನನ ದೀಕ್ಷಾಸ್ನಾನವನ್ನು ಮಾತ್ರ ಬಲ್ಲವನು. ಸಭಾಮಂದಿರದಲ್ಲಿ ಆತನ ಮಾತನ್ನು ಕೇಳಿದ ಈ ದಂಪತಿಗಳಿಗೆ ಕೊರತೆಯು ತಿಳಿಯಿತು. ಎದ್ದುನಿಂತು ಎಲ್ಲರ ಮುಂದೆ ಖಂಡಿಸಬಹುದಾಗಿತ್ತು. ಇಲ್ಲವೆ ಮನೆಗೆ ಹೋಗಿ ಆಡಿಕೊಳ್ಳಬಹುದಾಗಿತ್ತು. (ನಮ್ಮಲ್ಲಿ ಎರಡನೆಯದೇ ಹೆಚ್ಚು ರೂಢಿಯೆಂದು ಒಪ್ಪಿಕೊಳ್ಳತಕ್ಕದ್ದು.) ಅವರು ಆತನನ್ನು ತಮ್ಮ ಬಳಿಗೆ ಸೇರಿಸಿಕೊಂಡು ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ಪಂಡಿತನಾದ ಅಪೊಲ್ಲೋಸನೂ ಗುಡಾರ ಹೊಲಿಯುವವರಿಂದ, ಅದರಲ್ಲಿಯೂ ಒಬ್ಬ ಸ್ತ್ರೀಯಿಂದ, ಕಲಿಯಲಾರೆನೆಂದು ಹೇಳಲಿಲ್ಲ. ಅವರಿಗೆಷ್ಟು ಗೌರವವು ಸಲ್ಲಬೇಕೋ ಆತನಿಗೂ ಅಷ್ಟೇ ಸಲ್ಲಬೇಕೆಂಬದು ನಮ್ಮ ಅಭಿಪ್ರಾಯ.

ಕಷ್ಟವು ಇನ್ನು ಮೇಲೆ. ಸಹೋದರರ ಪತ್ರವನ್ನು ತೆಗೆದುಕೊಂಡು ಅಪೊಲ್ಲೋಸನು ಅಖಾಯಕ್ಕೆ ಹೋಗಿ ಅಲ್ಲಿಯ ವಿಶ್ವಾಸಿಗಳಿಗೆ ಬಹಳ ಸಹಾಯಕನಾದನು. ಎಷ್ಟೆಂದರೆ, ಪೌಲನೇ ಸ್ಥಾಪಿಸಿದ ಕೊರಿಂಥ ಸಭೆಯಲ್ಲಿ ಕೆಲವರು ತಾವು ಪೌಲನವರೆಂದೂ, ಕೆಲವರು ಅಪೊಲ್ಲೋಸನವರೆಂದೂ ಪಕ್ಷಕಟ್ಟಿದರು. ತಾನು ಕಲಿಸಿದವರಿಂದ ಕಲಿತವನು ತನ್ನ ಸಮಕ್ಕೆ ನಿಂತಾಗ ಮುಖಂಡನ ಮನಸ್ಸು ಏನಾಗುವುದು? ಪೌಲನು ತಾವಿಬ್ಬರೂ ದೇವರ ಒಂದೇ ಹೊಲದ ಕೆಲಸದವರೆಂದು ಬರೆದನು. ಬರೆದು ಸುಮ್ಮನಾಗಲಿಲ್ಲ, ಅದೇ ಪತ್ರಿಕೆಯ ಕಡೆಯ ಅಧ್ಯಾಯವನ್ನು ನೋಡಿದರೆ, ಅಪೊಲ್ಲೋಸನು ಪುನಃ ಕೊರಿಂಥಕ್ಕೆ ಹೋಗಬೇಕೆಂದು ತಾನೇ ಆತನನ್ನು ಬಹಳವಾಗಿ ಕೇಳಿಕೊಂಡನೆಂದು ತಿಳಿಯುವುದು. ಆಗ ಮನಸ್ಸಿಲ್ಲದೆ ನಿಂತವನು ಅಪೊಲ್ಲೋಸನೇ.

ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಪೌಲನು, ತನ್ನಿಂದ ಕೇಳಿದ್ದನ್ನು ಇತರರಿಗೆ ಬೋಧಿಸಶಕ್ತರಾದ ನಂಬಿಗಸ್ತರಿಗೆ ಒಪ್ಪಿಸಬೇಕೆಂದು ಆಜ್ಞಾಪಿಸುತ್ತಾನೆ. ಪೌಲನು, ತಿಮೊಥೆಯನು, ನಂಬಿಗಸ್ತರು, ಅವರಿಂದ ಕಲಿಯುವವರು, ಹೀಗೆ ಒಂದೇ ಮಾತಿನಲ್ಲಿ ನಾಲ್ಕು ತಲೆಮಾರುಗಳುಂಟು. ಆ ಪತ್ರಿಕೆಯು ಮುಗಿಯುವಾಗ ವಂದನೆಗಳನ್ನು ತಿಳಿಸಹೇಳುವ ಹೆಸರುಗಳಲ್ಲಿ ಮೊದಲನೆಯದು ಪ್ರಿಸ್ಕಿಲ್ಲಳದು. ಗಂಡನ ಹೆಸರು ಅದರ ಹಿಂದೆ ಬರುತ್ತದೆ.