ಗುಡ್ಡಕ್ಕೆ ಚಕ್ಕಡಿ: ಮೊದಲು ವಸ್ತಿ, ಆಮೇಲೆ ಹಾದಿ

ಭಾರತ ಹುಣ್ಣಿಮೆ ಹತ್ತಿರ ಬಂದಿದೆ. ಅಂಕಲಗಿಯಿಂದ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೊರಡಬೇಕು. ಈ ಸಲದ ಹೊಣೆ ನಿಮ್ಮದು. ನೀವು ಗೋಕಾಕದಲ್ಲಿ ಡಿಗ್ರಿ ಓದುತ್ತಿರಬಹುದು, ಪುಣೆಯಲ್ಲಿ ಶಿಫ್ಟ್ ಮಾಡುತ್ತಿರಬಹುದು, ಎತ್ತು ಹೂಡಿ ವರ್ಷಗಳೇ ಆಗಿರಬಹುದು. ಚಿಂತೆ ಬೇಡ. ‘ನನ್ನ ಕಡೆಯಿಂದ ಆದೀತೋ ಇಲ್ಲೋ’ ಎನ್ನುವುದು ಒಂದು ಚಟ, ಕೆಲಸಕ್ಕೆ ಕೈ ಹಚ್ಚಿದ ದಿನ ಅದು ಬಿಡುತ್ತದೆ. ಎರಡು ಗಾಲಿಯ ಮೇಲೆ ಮನೆ ಹೇರಿಕೊಂಡು, ಮರದ ಕೆಳಗೆ ಇಳಿದು, ಉಂಡು ಮಲಗಿ ಮುಂದೆ ಸಾಗುವ ವಿದ್ಯೆ ನಮ್ಮ ಭಾಗದ ರೈತಾಪಿ ಮನೆಗಳಿಗೆ ಹೊಸದಲ್ಲ. ಅದನ್ನು ನಿಮ್ಮ ಕೈಗೆ ತಂದುಕೊಳ್ಳಿ.

1. ಮೊದಲು ವಸ್ತಿ ಗೊತ್ತು ಮಾಡಿ.

ಮ್ಯಾಪ್ ತೆಗೆದು ಕಿಲೋಮೀಟರ್ ಎಣಿಸಬೇಡಿ. ವಾರ ಮೊದಲೇ ಬೈಕ್ ಹತ್ತಿ, ಯರಗಟ್ಟಿ ಮೇಲೆ ಹಾಯ್ದು ಸವದತ್ತಿವರೆಗೆ ಒಮ್ಮೆ ಹೋಗಿ ಬನ್ನಿ. ಪ್ರತಿ ತಂಗುವ ಜಾಗದಲ್ಲಿ ಮೂರು ನೋಡಿ: ದೊಡ್ಡ ನೆರಳು, ದನಕ್ಕೂ ಜನಕ್ಕೂ ಸಾಲುವ ನೀರು, ಹೊಲದ ಮಾಲೀಕರ ಒಪ್ಪಿಗೆ. ಮೂರೂ ಸಿಕ್ಕರೆ ಅವರ ಫೋನ್ ನಂಬರ್ ಬರೆದುಕೊಳ್ಳಿ. ಎರಡೇ ಸಿಕ್ಕರೆ ಮುಂದಿನ ಮರ ನೋಡಿ. ಹೇರು ಹೊತ್ತ ಎತ್ತು ಗಂಟೆಗೆ ಮೂರು-ನಾಲ್ಕು ಕಿಲೋಮೀಟರ್ ನಡೆಯುತ್ತದೆ, ದಿನಕ್ಕೆ 20-25 ಕಿಲೋಮೀಟರ್ ಸಾಕು. ನಡುವೆ ಎರಡು ವಸ್ತಿ ಇಟ್ಟುಕೊಳ್ಳಿ. ಒಳ್ಳೆಯ ವಸ್ತಿ ಹತ್ತು ಕಿಲೋಮೀಟರ್ ಮೊದಲೇ ಸಿಕ್ಕರೆ ಅಲ್ಲೇ ಕೊಳ್ಳ ಹರಿಯಿರಿ. ಟಾರ್ಗೆಟ್ ಮುಟ್ಟುವ ಹಟಕ್ಕೆ ಬಿದ್ದವರು ಕತ್ತಲಲ್ಲಿ, ನೀರಿಲ್ಲದ ಕಡೆ ಗಾಡಿ ಬಿಡುತ್ತಾರೆ. ಮರುದಿನದ ದಣಿವು ಶುರುವಾಗುವುದು ಅಲ್ಲಿಂದಲೇ.

2. ಎತ್ತಿನ ಟೈಮ್‌ಟೇಬಲ್ ಪಾಲಿಸಿ.

ಬೆಳಗಿನ ನಾಲ್ಕೂವರೆಗೆ ಎದ್ದು ಹೂಡಿ. ನಡುವೆ ಒಮ್ಮೆ ಎತ್ತಿಗೆ ವಿಶ್ರಾಂತಿ ಕೊಟ್ಟು, ಹತ್ತರೊಳಗೆ ನೆರಳು ಸೇರಿ. ನಾಲ್ಕರ ಮೇಲೆ ಮತ್ತೆ ಹೊರಡಿ. ಇದು ಹಿರಿಯರ ರೂಢಿ, ಕಾನೂನೂ ಹೌದು. ಗಾಡಿ ಎಳೆಯುವ, ಹೇರು ಹೊರುವ ಪ್ರಾಣಿಗಳಿಗಾಗಿ ಕೇಂದ್ರ ಸರ್ಕಾರ ಮಾಡಿದ 1965ರ ನಿಯಮಗಳ ಪ್ರಕಾರ ಎತ್ತನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಿಶ್ರಾಂತಿ ಕೊಡದೆ 5 ಗಂಟೆ ಮೀರುವಂತಿಲ್ಲ. ತಾಪಮಾನ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತೆಯೇ ಇಲ್ಲ. ಭಾರತ ಹುಣ್ಣಿಮೆಗೆ ಬಿಸಿಲು ಇನ್ನೂ ಹದವಾಗಿರುತ್ತದೆ. ಚೈತ್ರದ ದವನದ ಹುಣ್ಣಿಮೆಗೆ ಹೋಗುವವರು ಈ ಮಾತನ್ನು ಬರೆದು ಗಾಡಿಗೇ ಅಂಟಿಸಿ.

ಚಂದ್ರನ ಲೆಕ್ಕವನ್ನೂ ಹಿಡಿಯಿರಿ. ಹುಣ್ಣಿಮೆಗೆ ಮೊದಲು ಹೋಗುವಾಗ ಸಂಜೆ ಬೆಳದಿಂಗಳಿರುತ್ತದೆ, ಬೆಳಗಿನ ಜಾವ ಚಂದ್ರ ಮುಳುಗಿ ಕತ್ತಲಾಗಿರುತ್ತದೆ. ಮುಗಿಸಿ ಬರುವಾಗ ಉಲ್ಟಾ. ಬ್ಯಾಟರಿಯ ಚಾರ್ಜ್ ಆ ಪ್ರಕಾರ ಉಳಿಸಿಕೊಳ್ಳಿ.

3. ನೆರಳನ್ನು ಓದಲು ಕಲಿಯಿರಿ.

ಇಡೀ ಪ್ರವಾಸದ ಯಶಸ್ಸು ನಿಂತಿರುವುದು ಇದರ ಮೇಲೆ. ಮರದ ಬುಡಕ್ಕೆ ಗಾಡಿ ಒತ್ತಿ ನಿಲ್ಲಿಸಿದರೆ ಕೆಲಸ ಮುಗಿಯಲಿಲ್ಲ. ನೀವು ಬರುವಾಗ ಇರುವ ನೆರಳು ಮಧ್ಯಾಹ್ನ ಎರಡಕ್ಕೆ ಅಲ್ಲಿರುವುದಿಲ್ಲ. ಸೂರ್ಯ ಪಡುವಣಕ್ಕೆ ಹೊರಳುತ್ತಾನೆ, ಚಳಿಗಾಲದಲ್ಲಿ ದಕ್ಷಿಣಕ್ಕೂ ವಾಲಿರುತ್ತಾನೆ. ಆದ್ದರಿಂದ ಮರದ ಈಶಾನ್ಯಕ್ಕೆ ಎತ್ತು ಕಟ್ಟಿ. ಹೊತ್ತು ಹೋದಂತೆ ನೆರಳು ತಾನೇ ಅವುಗಳ ಮೇಲೆ ಬರುತ್ತದೆ.

ಬೇವು, ಆಲ, ಮಾವು ಸಿಕ್ಕರೆ ಬಿಡಬೇಡಿ. ಜಾಲಿಯಿಂದ ದೂರ ಇರಿ. ಅದರ ನೆರಳು ತೆಳು, ಮುಳ್ಳು ಟೈರಿಗೂ ಗೊರಸಿಗೂ ಕಂಟಕ. ಕೂರುವ ಮೊದಲು ತಲೆ ಎತ್ತಿ ನೋಡಿ, ಒಣಗಿದ ಟೊಂಗೆ ನೇತಾಡುತ್ತಿದ್ದರೆ ಜಾಗ ಬದಲಿಸಿ. ರಾತ್ರಿಯೂ ಮರದ ಅಡಿಯಲ್ಲೇ ಮಲಗಿ. ಬಯಲಿನಲ್ಲಿ ಹಾಸಿದ ಕೌದಿ ಇಬ್ಬನಿಗೆ ತೊಯ್ದುಹೋಗುತ್ತದೆ. ಮೇಲೆ ಎಲೆಯ ಹೊದಿಕೆ ಇದ್ದರೆ ನೆಲ ಅಷ್ಟು ಬೇಗ ತಣ್ಣಗಾಗದು, ಇಬ್ಬನಿ ಕಡಿಮೆ ಕೂರುತ್ತದೆ.

ಈ ಸೂತ್ರ ನಮ್ಮ ನೆಲದ್ದು, ಎಲ್ಲ ಕಾಡಿಗೂ ಹೊಂದುವುದಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತ ನೆಲೆಸಿದ ಕನ್ನಡಿಗರಿಗೆ ಕರಾವಳಿಯ ರೆಡ್‌ವುಡ್ ಕಾಡು ಕಾರಿನ ಹಾದಿಯಲ್ಲೇ ಇದೆ. ಅಂಥ ಒಂದು ಕಾಡಾದ ಬಿಗ್ ಬೇಸಿನ್ 1902ರಲ್ಲಿ ಶುರುವಾದದ್ದು, ಕ್ಯಾಲಿಫೋರ್ನಿಯಾದ ಅತಿ ಹಳೆಯ ಸ್ಟೇಟ್ ಪಾರ್ಕ್. ರೆಡ್‌ವುಡ್ ಜಾತಿಯ ಅತಿ ಎತ್ತರದ ಮರ 115 ಮೀಟರ್ ದಾಟಿದೆ. 52 ಮೀಟರಿನ ನಮ್ಮ ಗೋಕಾಕ ಫಾಲ್ಸ್ ಎರಡನ್ನು ಒಂದರ ಮೇಲೊಂದು ಇಟ್ಟರೂ ಅದರ ತುದಿ ಮುಟ್ಟದು. ಆ ಕಾಡಿನಲ್ಲಿ ಕಾರಿನ ಹಿಂದೆ ಸಣ್ಣ ಟ್ರೇಲರ್ ಕಟ್ಟಿಕೊಂಡು ಕ್ಯಾಂಪ್ ಮಾಡುವವರಿಗೆ ಕಷ್ಟ ಕೊಡುವುದೇ ನೆರಳು. ಕಡಲಿನ ಮಂಜು ಎಲೆಗಳಿಗೆ ತಾಗಿ ನೀರಾಗಿ ಮಳೆಯಂತೆ ತೊಟ್ಟಿಕ್ಕುತ್ತದೆ. ಮರಕ್ಕೆ ಬೇಸಿಗೆಯಲ್ಲಿ ಅದೇ ಜೀವಜಲ, ಕೆಳಗಿದ್ದವರ ಹಾಸಿಗೆಗೆ ಮಾತ್ರ ಥಂಡಿ. ಸೋಲಾರ್ ಪ್ಯಾನೆಲ್‌ಗೆ ಬಿಸಿಲು ತಾಗದೆ ಬ್ಯಾಟರಿ ತುಂಬುವುದಿಲ್ಲ. ಆ ಕಾಡಿಗೆ ಹೋಗುವ ಅಣ್ಣ-ತಂಗಿಯರು ಮನೆಯಲ್ಲೇ ಬ್ಯಾಟರಿ ಪೂರ್ತಿ ತುಂಬಿಸಿಕೊಳ್ಳಿ, ಟ್ರೇಲರ್ ಕಿಟಕಿಯನ್ನು ರಾತ್ರಿಯೂ ಬೆರಳಷ್ಟು ತೆರೆದಿಡಿ. ಇಲ್ಲದಿದ್ದರೆ ಉಸಿರಿನ ಹಬೆಯೇ ಗೋಡೆಗೆ ನೀರಾಗಿ ಇಳಿಯುತ್ತದೆ. ಜಾಗಕ್ಕೊಂದು ಉದ್ದದ ಮಿತಿ ಇರುತ್ತದೆ, ಬುಕ್ ಮಾಡುವ ಮೊದಲೇ ನಿಮ್ಮ ಟ್ರೇಲರ್ ಅಳೆದುಕೊಳ್ಳಿ.

4. ಭಾರ ಇಳಿಸಿ, ಉಳಿದಿದ್ದನ್ನು ಸರಿಯಾಗಿ ಹೇರಿ.

ಚೆಕ್‌ಲಿಸ್ಟ್ ಬರೆಯಿರಿ. ತಾಡಪತ್ರಿ, ಕಂಬಳಿ, ಕೌದಿ, ಹಗ್ಗ, ಬಕೆಟ್, ನೀರಿನ ಕ್ಯಾನ್, ಕಣಕಿ, ಹಿಂಡಿ, ಕೀಲೆಣ್ಣೆ, ಕುಡಗೋಲು, ಪವರ್ ಬ್ಯಾಂಕ್, ಔಷಧಿಯ ಡಬ್ಬಿ. ‘ಇರಲಿ ಬಿಡು’ ಎಂದು ಹಾಕಿದ ಪ್ರತಿ ವಸ್ತುವನ್ನೂ ಕೆಳಗಿಳಿಸಿ.

ಹೇರುವಾಗ ಸಮತೋಲ ನೋಡಿ. ಭಾರ ಮುಂದೆ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಜಜ್ಜುತ್ತದೆ. ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ನೀರಿನ ಕ್ಯಾನ್, ಹಿಟ್ಟಿನ ಚೀಲ ಅಚ್ಚಿನ ಮೇಲೆ ಇಡಿ, ಕಣಕಿ ಹಿಂದಿರಲಿ. ನೊಗವನ್ನು ಕೈಯಿಂದ ಎತ್ತಿ ನೋಡಿ: ತುಸು ಮುಂಭಾರ ಅನಿಸಬೇಕು, ಅಷ್ಟೇ. ಕಾರಿನ ಹಿಂದೆ ಎಳೆಯುವ ಟ್ರೇಲರಿಗೂ ಇದೇ ಸೂತ್ರ. ಹಿಂಭಾರವಾದರೆ ಅದು ವೇಗದಲ್ಲಿ ಹಾವಿನ ಹಾಗೆ ಹೊಯ್ದಾಡುತ್ತದೆ.

5. ಬುತ್ತಿಯನ್ನು ದಿನದ ಲೆಕ್ಕದಲ್ಲಿ ಕಟ್ಟಿ.

ಮೊದಲ ದಿನಕ್ಕೆ ಮೊಸರನ್ನ, ಪಲ್ಯ. ಆಮೇಲಿನ ದಿನಗಳಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಶೇಂಗಾ ಹೋಳಿಗೆ. ಒಣಗಿದ್ದು ಕೆಡುವುದಿಲ್ಲ, ಹಾದಿಯಲ್ಲಿ ಒಲೆ ಹೂಡುವ ಹೊತ್ತೂ ಉಳಿಯುತ್ತದೆ. ಗುಡ್ಡದಲ್ಲಿ ಅಡುಗೆ ಮಾಡಿ ದೇವಿಯ ನೈವೇದ್ಯದ ಪಡ್ಡಲಗಿ ತುಂಬುವ ಸಾಮಾನಿನ ಗಂಟು ಬೇರೆಯೇ ಇರಲಿ. ಅದನ್ನು ಹಾದಿಯಲ್ಲಿ ಬಿಚ್ಚಬೇಡಿ. ಅವ್ವ, ಅತ್ತಿ, ಅಕ್ಕಂದಿರನ್ನು ಕೂರಿಸಿಕೊಂಡು ಪಟ್ಟಿ ಮಾಡಿ, ಈ ಡಿಪಾರ್ಟ್‌ಮೆಂಟಿನ ಸೀನಿಯರ್‌ಗಳು ಅವರೇ.

6. ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಜನರನ್ನು ಹೇರಬೇಡಿ.

ಇದರಲ್ಲಿ ರಾಜಿ ಇಲ್ಲ. ಚಕ್ಕಡಿ ಜೊತೆ ಟ್ರ್ಯಾಕ್ಟರ್ ಬರುವುದಾದರೆ ಅದರಲ್ಲಿ ಸಾಮಾನು, ಮೇವು ಮಾತ್ರ ಇರಲಿ. ಮಕ್ಕಳು, ಮುದುಕರು ಬಸ್ಸಿನಲ್ಲಿ ಬರಲಿ. ಟ್ರೇಲರ್‌ನಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಅದು ಮಗುಚಿದರೆ ಒಳಗಿದ್ದವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಮನೆಯ ಹಿರಿಯರೊಬ್ಬರು ‘ಏನಾಗಂಗಿಲ್ಲ, ಹತ್ರೋ’ ಎಂದರೂ ನೀವು ಬೇಡ ಎನ್ನಿ. ಲೀಡರ್ ಆಗಿರುವುದು ಇಂಥ ಹೊತ್ತಿಗೇ.

7. ಕತ್ತಲಲ್ಲಿ ಕಾಣಿಸಿಕೊಳ್ಳಿ.

ಜಾತ್ರೆಯ ಹೊತ್ತಿಗೆ ಕಬ್ಬಿನ ಸೀಜನ್ ಇನ್ನೂ ನಡೆದಿರುತ್ತದೆ. ಫ್ಯಾಕ್ಟರಿಗೆ ಹೊರಟ ಟ್ರ್ಯಾಕ್ಟರುಗಳು ರಾತ್ರಿಯಿಡೀ ರಸ್ತೆಯಲ್ಲಿರುತ್ತವೆ. ಚಕ್ಕಡಿಯ ಹಿಂದೆ, ಎರಡೂ ಬದಿಗೆ, ನೊಗದ ತುದಿಗೆ ರೇಡಿಯಂ ಸ್ಟಿಕ್ಕರ್ ಅಂಟಿಸಿ. ಹಿಂದೊಂದು ಕೆಂಪು ಲೈಟ್ ಕಟ್ಟಿ. ಇದಕ್ಕಿಂತ ಅಗ್ಗದ ಇನ್ಶೂರೆನ್ಸ್ ಇಲ್ಲ.

8. ಎತ್ತಿಗೂ ಫಿಟ್‌ನೆಸ್ ಟೆಸ್ಟ್ ಮಾಡಿಸಿ.

ಹದಿನೈದು ದಿನ ಮೊದಲೇ ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗಿ. ಲಾಳ ಸವೆದಿದ್ದರೆ ಹೊಸದು ಬಡಿಸಿ. ಕಾಲುಬಾಯಿ ಬೇನೆಯ ಲಸಿಕೆ ಆಗಿದೆಯೇ ಕೇಳಿ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ದನದ ಸಂತೆ, ದನದ ಜಾತ್ರೆಗಳಿಗೇ ತಡೆ ಬಿದ್ದಿತ್ತು. ನೂರಾರು ಜೋಡಿ ಒಂದೇ ಕಡೆ ಕೂಡುವ ಜಾಗಕ್ಕೆ ರೋಗದ ಎತ್ತನ್ನು ಒಯ್ಯುವುದು ಎಲ್ಲರ ಬದುಕಿಗೂ ಪೆಟ್ಟು.

9. ಒಂದು ರಾತ್ರಿ ಟ್ರಯಲ್ ಮಾಡಿ.

ಹೊರಡುವ ವಾರ ನಿಮ್ಮದೇ ಹೊಲಕ್ಕೆ ಪೂರ್ತಿ ಸಾಮಾನಿನೊಂದಿಗೆ ಚಕ್ಕಡಿ ಒಯ್ಯಿರಿ. ಅಲ್ಲೇ ಉಣ್ಣಿ, ಅಲ್ಲೇ ಮಲಗಿ. ಬೆಂಕಿಪೆಟ್ಟಿಗೆ ಮರೆತಿದ್ದು, ಕಂಬಳಿ ಸಾಲದ್ದು, ಹಗ್ಗ ಗಿಡ್ಡವಾಗಿದ್ದು ಅಂದೇ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಸಂತೆಯಲ್ಲಿ ಕೊಂಡು ತನ್ನಿ. ಅನುಮಾನ ಇನ್ನೂ ಉಳಿದಿದ್ದರೆ ಈ ರಾತ್ರಿ ಅದನ್ನೂ ಕಳೆಯುತ್ತದೆ.

10. ಬೆಂಕಿಗೆ ಜಾಗ ತೋರಿಸಿ.

ಮರದ ಬೇರಿನ ಮೇಲೆ ಒಲೆ ಹೂಡಬೇಡಿ. ಕಿಡಿ ಬಿಡಾರದತ್ತ ಹಾರದ ಕಡೆ, ಕಣಕಿಯಿಂದ ದೂರ, ಗುಂಡಿ ತೋಡಿ ಮೂರು ಕಲ್ಲಿಡಿ. ಪಕ್ಕದಲ್ಲಿ ಒಣಗಿ ನಿಂತ ಜೋಳದ ಹೊಲ ಇರುತ್ತದೆ, ಒಂದು ಕಿಡಿ ಸಾಕು.

11. ಗುಡ್ಡಕ್ಕೆ ಒಂದು ದಿನ ಮೊದಲೇ ಮುಟ್ಟಿ.

ಹುಣ್ಣಿಮೆ ದಿನ ಬಂದವರಿಗೆ ನೆರಳೂ ಇಲ್ಲ, ನೀರಿನ ಸರದಿಯೂ ಇಲ್ಲ. ಅಂಕಲಗಿಯಲ್ಲಿ ಅಡವಿಸಿದ್ಧೇಶ್ವರ ಮಠದ ಮುಂದೆ ಕಾಯಿ ಒಡೆದು ಹೊರಡುವ ದಿನವನ್ನು ಅದರಂತೆ ಹಿಂದಕ್ಕೆ ಎಣಿಸಿ. ಬಿಡಾರ ಹೂಡಿದ ಕೂಡಲೇ ಉದ್ದನೆಯ ಗಳಕ್ಕೆ ಬಣ್ಣದ ಬಟ್ಟೆ ಕಟ್ಟಿ ನಿಲ್ಲಿಸಿ. ಜನ ಸೇರಿದ ಮೇಲೆ ಮೊಬೈಲ್ ನೆಟ್‌ವರ್ಕ್ ನಂಬುವಂತಿಲ್ಲ, ಜೋಗುಳಬಾವಿಯಲ್ಲಿ ಮಿಂದು ಬರುವ ಮಕ್ಕಳಿಗೆ ಆ ಬಟ್ಟೆಯೇ ದಾರಿ. ಕ್ಯಾನುಗಳನ್ನು ಬೆಳಗಿನ ಜಾವವೇ ತುಂಬಿಸಿಕೊಳ್ಳಿ. ‘ಉಧೋ ಉಧೋ’ ಕೇಳುತ್ತಿದ್ದಂತೆ ಎಲ್ಲರೂ ಗುಡಿಯತ್ತ ಓಡಬೇಡಿ, ಎತ್ತಿನ ಹತ್ತಿರ ಒಬ್ಬರಿರಲಿ. ಪಾಳಿ ಹಚ್ಚಿ, ಎಲ್ಲರಿಗೂ ದರ್ಶನವಾಗುತ್ತದೆ.

12. ಜಾಗ ಬಿಡುವ ಮೊದಲು ಸುತ್ತು ಹೊಡೆಯಿರಿ.

ಪ್ಲಾಸ್ಟಿಕ್ ಆರಿಸಿ ಚೀಲಕ್ಕೆ ತುಂಬಿ. ಬಿಟ್ಟ ಕ್ಯಾರಿಬ್ಯಾಗನ್ನು ನಾಳೆ ಬರುವವರ ಎತ್ತು ತಿನ್ನುತ್ತದೆ, ಅದರ ಹೊಟ್ಟೆಯಲ್ಲಿ ಅದು ಕರಗುವುದಿಲ್ಲ. ಬೂದಿಗೆ ನೀರು ಹೊಯ್ದು, ಕೈಯಿಟ್ಟು ನೋಡಿ, ಗುಂಡಿ ಮುಚ್ಚಿ. ವಾಪಸ್ ಬರುವಾಗ ಹೊಲದ ಮಾಲೀಕರ ಮನೆಗೆ ಹೋಗಿ ಪ್ರಸಾದ, ಬಂಡಾರ ಕೊಟ್ಟು, ಮುಂದಿನ ವರ್ಷಕ್ಕೂ ಅದೇ ಮರ ಕೇಳಿ ಬನ್ನಿ.