ಒಂಬತ್ತು ಗೆಲುವಿನ ಲೆಕ್ಕ

ಅಮೆರಿಕದ ನಟ್ಟನಡುವಿನ ನೆಬ್ರಾಸ್ಕಾ ರಾಜ್ಯದಲ್ಲಿ ಆಗಸ್ಟ್ ಬಂತೆಂದರೆ ಹೊಲದ ಮೆಕ್ಕೆಜೋಳ ಆಳೆತ್ತರ ದಾಟಿರುತ್ತದೆ, ಊರೊಳಗೆ ಒಂದೇ ಮಾತು ನಡೆದಿರುತ್ತದೆ: ಈ ಸಲ ಹಸ್ಕರ್ಸ್ ಎಷ್ಟು ಗೆಲ್ಲುತ್ತಾರೆ? ಕಾಫಿ ಅಂಗಡಿಯಲ್ಲಿ ಕೂತ ರೈತ ಆರು ಎನ್ನುತ್ತಾನೆ. ಎದುರಿಗಿದ್ದವನು ಒಂಬತ್ತು ಎನ್ನುತ್ತಾನೆ. ಆಮೇಲೆ ತಾಸುಗಟ್ಟಲೆ ಇಬ್ಬರೂ ತಮ್ಮ ತಮ್ಮ ಸಂಖ್ಯೆಗೆ ಕಾರಣ ಕೊಡುತ್ತಾರೆ. ಕ್ಷೌರಿಕ, ಬ್ಯಾಂಕ್ ನೌಕರ, ಹೈಸ್ಕೂಲ್ ಮೇಷ್ಟ್ರು, ಎಂಬತ್ತು ದಾಟಿದ ಅಜ್ಜಿ, ಎಲ್ಲರ ಬಳಿಯೂ ಒಂದು ಸಂಖ್ಯೆ ಇರುತ್ತದೆ.

ಹಸ್ಕರ್ಸ್ ಎಂದರೆ ಲಿಂಕನ್ ನಗರದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ. ಎಂ.ಎಸ್. ಓದಲೆಂದು ಇಂಥ ವಿಶ್ವವಿದ್ಯಾಲಯದ ಊರುಗಳಿಗೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಮೊದಲ ಆಗಸ್ಟಿನಲ್ಲೇ ಈ ಮಾತು ಕಿವಿಗೆ ಬೀಳುತ್ತದೆ. ಕಾಲೇಜು ಹುಡುಗರ ಆಟಕ್ಕೆ ಇಡೀ ರಾಜ್ಯ ಯಾಕಿಷ್ಟು ತಲೆ ಕೆಡಿಸಿಕೊಳ್ಳುತ್ತದೆ ಎಂದು ಅವರು ಕೇಳುವುದು ಸಹಜ. ಉತ್ತರದ ಒಂದು ಭಾಗ ಸರಳ: ಸುಮಾರು ಇಪ್ಪತ್ತು ಲಕ್ಷ ಜನರ ಆ ರಾಜ್ಯದಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗಿನ ತಂಡವೇ ಇಲ್ಲ. ಶನಿವಾರ ಲಿಂಕನ್ನಿನ ಮೆಮೋರಿಯಲ್ ಸ್ಟೇಡಿಯಂ ತುಂಬಿದರೆ, ಒಮಾಹಾ ಮತ್ತು ಲಿಂಕನ್ ಬಿಟ್ಟು ರಾಜ್ಯದ ಯಾವ ಊರಿನಲ್ಲೂ ಅಷ್ಟು ಜನ ಇರುವುದಿಲ್ಲ. 1962ರಿಂದ ಅಲ್ಲಿ ನಡೆದ ಪ್ರತಿಯೊಂದು ಪಂದ್ಯದ ಟಿಕೆಟ್ಟೂ ಪೂರ್ತಿ ಮಾರಾಟವಾಗಿದೆ. 2024ರಲ್ಲಿ ಆ ಸರಣಿ 400 ಪಂದ್ಯ ಮುಟ್ಟಿತು. ಉತ್ತರದ ಉಳಿದ ಭಾಗ ಆ ಆರು ಮತ್ತು ಒಂಬತ್ತರ ನಡುವಿನ ವಾದದಲ್ಲಿದೆ. ಅದನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬುದನ್ನು ಹೊಸಬರಿಗೆ ಬಿಡಿಸಿ ಹೇಳುವುದು ನನ್ನ ಉದ್ದೇಶ.

ಮೊದಲು ಆಟ, ಎಷ್ಟು ಬೇಕೋ ಅಷ್ಟು. ಕಡೆಗೆ ಹನ್ನೊಂದು ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಯತ್ನ. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಯತ್ನ, ದಾಟದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಅದರ ಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಒಂದು ಅಂಕ. ಒದೆಯುವ ಬದಲು ಇನ್ನೊಮ್ಮೆ ಗೆರೆ ದಾಟಿಸಿದರೆ ಎರಡು. ಟಚ್‌ಡೌನ್ ಸಾಧ್ಯವಾಗದೆ ದೂರದಿಂದಲೇ ಒದ್ದು ಕಂಬಗಳ ನಡುವೆ ಕಳಿಸಿದರೆ ಮೂರು.

ಆ ಎರಡು ಅಂಕದ ಬಗ್ಗೆ ನೆಬ್ರಾಸ್ಕಾದವರ ಬಳಿ ಮಾತೆತ್ತಿದರೆ 1984ರ ಜನವರಿಯ ಆರೆಂಜ್ ಬೌಲ್ ಪಂದ್ಯ ನೆನಪಾಗುತ್ತದೆ. ಒಂದೂ ಸೋಲದೆ ಅಲ್ಲಿಗೆ ಬಂದಿದ್ದ ತಂಡ ಮಯಾಮಿ ವಿರುದ್ಧ 31-30ರಿಂದ ಹಿಂದಿತ್ತು, ಉಳಿದದ್ದು ಒಂದು ನಿಮಿಷಕ್ಕೂ ಕಡಿಮೆ. ಸುಮ್ಮನೆ ಒದ್ದು ಸಮ ಮಾಡಿಕೊಂಡಿದ್ದರೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ಬಹುತೇಕ ಕೈಯಲ್ಲಿತ್ತು. ಕೋಚ್ ಟಾಮ್ ಓಸ್ಬರ್ನ್ ಎರಡು ಅಂಕಕ್ಕೆ ಹೋದರು. ಪಾಸ್ ಕೈತಪ್ಪಿತು, ಪಟ್ಟ ಹೋಯಿತು. ಓಸ್ಬರ್ನ್ ಮೇಲಿನ ಗೌರವ ಅಂದಿನಿಂದ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಇನ್ನು ಸೀಸನ್. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಹನ್ನೆರಡೇ ಪಂದ್ಯ, ಸಾಮಾನ್ಯವಾಗಿ ಶನಿವಾರಗಳಲ್ಲಿ. ಆರು ಗೆದ್ದರೆ ‘ಬೌಲ್’ ಎಂಬ ಇನ್ನೊಂದು ಪಂದ್ಯಕ್ಕೆ ಅರ್ಹತೆ. ದೇಶದ ಹನ್ನೆರಡು ತಂಡಗಳಿಗೆ ಮಾತ್ರ ರಾಷ್ಟ್ರೀಯ ಪ್ಲೇಆಫ್. 2023ರವರೆಗೆ ಅಲ್ಲಿ ನಾಲ್ಕೇ ತಂಡಕ್ಕೆ ಜಾಗವಿತ್ತು, 2024ರಿಂದ ಹನ್ನೆರಡಾಯಿತು. ಹನ್ನೆರಡೇ ಪಂದ್ಯ ಎಂಬುದನ್ನು ಹೊಸಬರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಒಂದು ಸೋಲು ಎಂದರೆ ವರ್ಷದ ಹನ್ನೆರಡನೇ ಒಂದು ಪಾಲು. ಹೀಗಾಗಿ ವರ್ಷದ ಎಂಟು ತಿಂಗಳು ಆಟವಿಲ್ಲದ ಜನರಿಗೆ ಮುಂದಿನ ನಾಲ್ಕು ತಿಂಗಳನ್ನು ಮೊದಲೇ ಅಳೆದು ನೋಡುವ ಹಂಬಲ.

ಒಂಬತ್ತು ಎಂಬ ಸಂಖ್ಯೆಗೆ ನೆಬ್ರಾಸ್ಕಾದಲ್ಲಿ ಬೇರೆಲ್ಲೂ ಇಲ್ಲದ ಭಾರವಿದೆ. 1969ರಿಂದ 2001ರವರೆಗೆ ಸತತ 33 ಸೀಸನ್ ಈ ತಂಡ ಒಂಬತ್ತಕ್ಕೆ ಕಡಿಮೆ ಗೆಲ್ಲಲೇ ಇಲ್ಲ. ಕೋಚ್ ಬಾಬ್ ಡೆವೇನಿ 1970, 1971ರಲ್ಲಿ ರಾಷ್ಟ್ರೀಯ ಪಟ್ಟ ತಂದರು, ಅವರ ಶಿಷ್ಯ ಓಸ್ಬರ್ನ್ 1994, 1995, 1997ರಲ್ಲಿ ತಂದರು. ಅಲ್ಲಿ ಬೆಳೆದ ಎರಡು ತಲೆಮಾರಿಗೆ ಒಂಬತ್ತು ಎಂದರೆ ಸಾಧಾರಣ ವರ್ಷ. 2003ರಲ್ಲಿ ಕೋಚ್ ಫ್ರಾಂಕ್ ಸೋಲಿಚ್ ಒಂಬತ್ತು ಗೆದ್ದು ಮೂರು ಸೋತಾಗ ವಿಶ್ವವಿದ್ಯಾಲಯ ಅವರನ್ನು ತೆಗೆದುಹಾಕಿತು. ಏಳು ಸೀಸನ್ನಿನಲ್ಲಿ ಒಮ್ಮೆಯೂ ಒಂಬತ್ತಕ್ಕಿಂತ ಕೆಳಗಿಳಿಯದ ಬೋ ಪೆಲಿನಿಯನ್ನು 2014ರಲ್ಲಿ ಕಳಿಸಿಕೊಟ್ಟದ್ದೂ ಒಂಬತ್ತು ಗೆಲುವು, ಮೂರು ಸೋಲಿನ ಮೇಲೆಯೇ. ಅಂದು ‘ಒಂಬತ್ತು ಸಾಲದು’ ಎಂದವರು ಇಂದು ಒಂಬತ್ತಕ್ಕೆ ಹರಕೆ ಹೊರುವಂತಾಗಿದೆ. ಆ ಎರಡು ವಜಾಗಳು ಸರಿಯೋ ತಪ್ಪೋ ಎಂಬ ವಾದ ಪ್ರತಿ ಆಗಸ್ಟಿನಲ್ಲೂ ಮರುಹುಟ್ಟು ಪಡೆಯುತ್ತದೆ. ಕೇಳಿದರೆ ನನ್ನ ಅಭಿಪ್ರಾಯ ಹೇಳುತ್ತೇನೆ: ಸೋಲಿಚ್‌ರನ್ನು ತೆಗೆದದ್ದು ತಪ್ಪು. ಆ ತಂಡ ಹಿಂದಿನ ವರ್ಷದ ಕುಸಿತದಿಂದ ಮೇಲೇಳುತ್ತಿತ್ತು.

ಈಗ ವಾದದ ಒಳಗೆ ಹೋಗೋಣ. ಒಬ್ಬ ಒಳ್ಳೆಯ ಅಭಿಮಾನಿ ಮೊದಲು ತೆಗೆಯುವುದು ವೇಳಾಪಟ್ಟಿ. ನೆಬ್ರಾಸ್ಕಾ 2011ರಿಂದ ಬಿಗ್ ಟೆನ್ ಕೂಟದಲ್ಲಿದೆ. ಹೆಸರಿನಲ್ಲಿ ಹತ್ತಿದ್ದರೂ 2024ರಿಂದ ಅದರಲ್ಲಿ 18 ತಂಡಗಳು. ಒಂದು ತಂಡ ಉಳಿದ 17ರಲ್ಲಿ ಒಂಬತ್ತರ ವಿರುದ್ಧ ಆಡುತ್ತದೆ, ಎಂಟು ಆ ವರ್ಷ ಎದುರಾಗುವುದೇ ಇಲ್ಲ. ಯಾವ ಎಂಟು ತಪ್ಪಿದವು ಎಂಬುದರ ಮೇಲೆ ಅರ್ಧ ಭವಿಷ್ಯ ನಿಂತಿರುತ್ತದೆ. 2025ರ ಪಟ್ಟಿಯಲ್ಲಿ ಒಹಾಯೊ ಸ್ಟೇಟ್, ಒರೆಗಾನ್, ಇಂಡಿಯಾನಾ ಮೂರೂ ಇರಲಿಲ್ಲ. ಮೂರೂ ಆ ವರ್ಷ ಪ್ಲೇಆಫ್ ಆಡಿದ ತಂಡಗಳು. ಒಂಬತ್ತು ಎಂದವರಿಗೆ ಅದು ದೊಡ್ಡ ಆಧಾರವಾಗಿತ್ತು. ಪಟ್ಟಿಯಲ್ಲಿ ಇನ್ನೂ ಎರಡು ಸಂಗತಿ ನೋಡಬೇಕು: ಕಠಿಣ ಪಂದ್ಯಗಳಲ್ಲಿ ಎಷ್ಟು ಲಿಂಕನ್ನಿನಲ್ಲಿವೆ, ಅವು ಸೀಸನ್ನಿನ ಯಾವ ಭಾಗದಲ್ಲಿ ಬರುತ್ತವೆ. ನವೆಂಬರ್ ಹೊತ್ತಿಗೆ ತಂಡದಲ್ಲಿ ಹಲವರು ಗಾಯಗೊಂಡಿರುತ್ತಾರೆ.

ಎರಡನೆಯ ಪ್ರಶ್ನೆ, ಯಾರು ಉಳಿದರು, ಯಾರು ಹೋದರು. ಹಿಂದೆ ಇದಕ್ಕೆ ಉತ್ತರ ಸುಲಭವಿತ್ತು. ಹುಡುಗ ಬರುತ್ತಿದ್ದ, ಬಲಿಯುತ್ತಿದ್ದ, ಮೂರನೇ ವರ್ಷಕ್ಕೆ ಆಡುತ್ತಿದ್ದ, ಪದವಿ ಮುಗಿಸಿ ಹೋಗುತ್ತಿದ್ದ. 2021 ಎರಡು ಬದಲಾವಣೆ ತಂದಿತು. ಒಂದು ವರ್ಷ ಆಡದೆ ಕೂರುವ ಶಿಕ್ಷೆಯಿಲ್ಲದೆ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋಗಬಹುದು ಎಂದಾಯಿತು. ತಮ್ಮ ಹೆಸರು, ಚಿತ್ರ ಬಳಸುವ ಜಾಹೀರಾತಿನಿಂದ ಆಟಗಾರರು ಹಣ ಗಳಿಸಬಹುದು ಎಂದೂ ಆಯಿತು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡುತ್ತಿವೆ. ಹೋಗಬೇಕೆಂದವರು ತಮ್ಮ ಹೆಸರು ಸೇರಿಸುವ ಪಟ್ಟಿಗೆ ಪೋರ್ಟಲ್ ಎನ್ನುತ್ತಾರೆ. ಡೈಲನ್ ರಯೋಲಾ ಎಂಬ ಕ್ವಾರ್ಟರ್‌ಬ್ಯಾಕ್‌ನ ಕತೆ ನೋಡಿ. ತಂದೆ ಡೊಮಿನಿಕ್ ನೆಬ್ರಾಸ್ಕಾಕ್ಕೇ ಆಡಿದವರು. ಮಗ 2024ರಲ್ಲಿ ಬಂದಾಗ ಇಡೀ ರಾಜ್ಯ ಅವನ ಮೇಲೆ ಕಣ್ಣಿಟ್ಟಿತು. ಎರಡನೆಯ ಸೀಸನ್ನಿನ ನವೆಂಬರಿನಲ್ಲಿ ಕಾಲು ಮುರಿಯಿತು, ಸೀಸನ್ ಮುಗಿದ ಮೇಲೆ ಅವನು ಒರೆಗಾನ್‌ಗೆ ಹೋದ. ಇದನ್ನು ದ್ರೋಹ ಎನ್ನುವವರಿದ್ದಾರೆ, ನಾನು ಹಾಗೆನ್ನಲಾರೆ. ಕೋಚುಗಳು ಹೆಚ್ಚಿನ ಸಂಬಳಕ್ಕೆ ಹೋಗುವುದನ್ನು ಎಂದಿನಿಂದಲೂ ಸಹಿಸಿಕೊಂಡವರು ಇಪ್ಪತ್ತರ ಹುಡುಗನನ್ನು ಬಯ್ಯುವುದು ನ್ಯಾಯವಲ್ಲ.

ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡು ಎಸೆಯುವವನು, ಹಾಗಾಗಿ ಹೊಸಬರ ಕಣ್ಣು ಅವನ ಮೇಲೇ ಇರುತ್ತದೆ. ಹಳಬರು ನೋಡುವುದು ಅವನ ಮುಂದೆ ಬಗ್ಗಿ ನಿಲ್ಲುವ ಐವರನ್ನು. ನೂರಮೂವತ್ತು ನೂರನಲವತ್ತು ಕಿಲೋ ತೂಗುವ ಆ ಐವರು ಎದುರಾಳಿಯನ್ನು ತಡೆಯದಿದ್ದರೆ ಎಸೆಯುವವನ ತೋಳು ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಮೈ ಕಟ್ಟಲು ವರ್ಷಗಳು ಬೇಕು. ಪೋರ್ಟಲಿನಲ್ಲೂ ಅಂಥವರು ಬೇಗ ಸಿಗುವುದಿಲ್ಲ. ನೆಬ್ರಾಸ್ಕಾದ ಹಿಂದಿನ ದೊಡ್ಡತನ ಇಲ್ಲೇ ಇತ್ತು. 1969ರಲ್ಲಿ ಬಾಯ್ಡ್ ಎಪ್ಲಿ ಎಂಬವರನ್ನು ಭಾರ ಎತ್ತುವ ತರಬೇತಿಗೆಂದೇ ನೇಮಿಸಿಕೊಂಡ ತಂಡ ಇದು. ಆಗ ಉಳಿದ ಕಡೆ ಅಂಥ ಹುದ್ದೆ ಇರಲೇ ಇಲ್ಲ ಎನ್ನಬೇಕು. ಸ್ಕಾಲರ್‌ಶಿಪ್ ಇಲ್ಲದೆ, ಸ್ವಂತ ಖರ್ಚಿನಲ್ಲಿ ಬಂದು ಸೇರುತ್ತಿದ್ದ ಸಣ್ಣ ಊರಿನ ರೈತರ ಮಕ್ಕಳು ಭಾರ ಎತ್ತುವ ಕೋಣೆಯಲ್ಲಿ ಮೂರು ನಾಲ್ಕು ವರ್ಷ ಬೆವರಿಳಿಸಿ ತಂಡಕ್ಕೆ ಬರುತ್ತಿದ್ದರು. ‘ವಾಕ್-ಆನ್’ ಎನ್ನುವ ಈ ಹುಡುಗರ ಊರುಗಳಿಗೆ ಹೋದರೆ ಇಂದಿಗೂ ಅವರ ಹೆಸರು ಹೇಳುತ್ತಾರೆ. 2025ರಿಂದ ತಂಡದ ಮಿತಿ 105 ಆಟಗಾರರಿಗೆ ಇಳಿದು ಆ ದಾರಿ ಕಿರಿದಾಗಿದೆ. ಇಡೀ ಬದಲಾವಣೆಯಲ್ಲಿ ನನಗೆ ಅತ್ಯಂತ ನೋವು ಕೊಡುವುದು ಇದೇ.

ವಾದ ಅತ್ಯಂತ ಬಿಸಿಯಾಗುವುದು ಕೂದಲೆಳೆಯ ಸೋಲುಗಳ ವಿಷಯ ಬಂದಾಗ. ಇದನ್ನು ನಿಧಾನವಾಗಿ ನೋಡೋಣ. ಒಂದು ಟಚ್‌ಡೌನಿನಿಂದ ಹೆಚ್ಚೆಂದರೆ ಎಂಟು ಅಂಕ ಬರುವುದರಿಂದ, ಎಂಟು ಅಥವಾ ಅದಕ್ಕಿಂತ ಕಡಿಮೆ ಅಂತರದ ಪಂದ್ಯವನ್ನು ಒನ್-ಸ್ಕೋರ್ ಗೇಮ್ ಎನ್ನುತ್ತಾರೆ. ಅಂಥ ಪಂದ್ಯಗಳಲ್ಲಿ ಅದೃಷ್ಟದ ಪಾಲು ದೊಡ್ಡದು, ಒಂದು ವರ್ಷ ಬಹಳ ಸೋತವರು ಮರುವರ್ಷ ಗೆಲ್ಲತೊಡಗುತ್ತಾರೆ ಎಂಬುದು ಲೆಕ್ಕ ಬಲ್ಲವರ ನಂಬಿಕೆ. 2021ರಲ್ಲಿ ನೆಬ್ರಾಸ್ಕಾ ಮೂರು ಗೆದ್ದು ಒಂಬತ್ತು ಸೋತಿತು. ಆ ಒಂಬತ್ತರಲ್ಲಿ ಎಂಟು ಸೋಲು ಎಂಟು ಅಂಕದೊಳಗಿನವು, ಉಳಿದದ್ದು ಒಹಾಯೊ ಸ್ಟೇಟ್ ವಿರುದ್ಧ ಒಂಬತ್ತು ಅಂಕದ್ದು. ಇಡೀ ಸೀಸನ್ನಿನಲ್ಲಿ ತಂಡ ಗಳಿಸಿದ ಅಂಕ 335, ಬಿಟ್ಟುಕೊಟ್ಟದ್ದು 272. ಗಳಿಸಿದ್ದೇ ಹೆಚ್ಚು, ಆದರೂ ಒಂಬತ್ತು ಸೋಲು!

2022ರ ಆಗಸ್ಟಿನಲ್ಲಿ ರಾಜ್ಯ ಎರಡು ಪಂಗಡವಾಯಿತು. ಅದೃಷ್ಟ ತಿರುಗಲೇಬೇಕು ಎಂದರು ಕೆಲವರು. ಇಷ್ಟು ಸಲ ಕೊನೆಯ ನಿಮಿಷದಲ್ಲಿ ಎಡವುವವರಲ್ಲಿ ಏನೋ ಕೊರತೆಯಿದೆ ಎಂದರು ಉಳಿದವರು. ಮೊದಲ ಪಂದ್ಯ ಡಬ್ಲಿನ್ನಿನಲ್ಲಿ, ನಾರ್ತ್‌ವೆಸ್ಟರ್ನ್ ವಿರುದ್ಧ. ಹನ್ನೊಂದು ಅಂಕ ಮುಂದಿದ್ದಾಗ ಕೋಚ್ ಸ್ಕಾಟ್ ಫ್ರಾಸ್ಟ್ ಚೆಂಡನ್ನು ಹತ್ತಿರಕ್ಕೇ ಒದ್ದು ತಾವೇ ಹಿಡಿದುಕೊಳ್ಳುವ ಜೂಜಿಗೆ ಇಳಿದರು. ಅದು ಕೈಕೊಟ್ಟಿತು. ಪಂದ್ಯ 31-28ರಲ್ಲಿ ಹೋಯಿತು. ಮೂರನೇ ಪಂದ್ಯದ ಮರುದಿನ ಫ್ರಾಸ್ಟ್ ಕೆಲಸ ಕಳೆದುಕೊಂಡರು. 1997ರ ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್ ಅವರೇ. ಮನೆಮಗ ಮರಳಿ ಬಂದ ಎಂದು ನಲಿದಿದ್ದ ಜನಕ್ಕೆ ಅದು ಸಾಮಾನ್ಯ ನೋವಲ್ಲ. 2023ರಲ್ಲಿ ಹೊಸ ಕೋಚ್ ಮ್ಯಾಟ್ ರೂಲ್ ಬಂದರು. ಕೊನೆಯ ನಾಲ್ಕು ಪಂದ್ಯಗಳಲ್ಲಿ ಒಂದು ಗೆದ್ದರೆ ಬೌಲ್ ಅರ್ಹತೆ. ನಾಲ್ಕನ್ನೂ ಸೋತರು, ಮೂರು ಪಂದ್ಯ ಮೂರು ಅಂಕದಿಂದ, ಒಂದು ಏಳರಿಂದ. ಆ ವರ್ಷ ಚೆಂಡನ್ನು ಎದುರಾಳಿಯ ಕೈಗೆ ಬಿಟ್ಟುಕೊಡುವುದರಲ್ಲಿ ತಂಡ ದೇಶದ ಅತಿ ಕೆಟ್ಟವರ ಸಾಲಿನಲ್ಲಿತ್ತು. ಅದೃಷ್ಟವಾದಿಗಳಿಗೆ ನನ್ನ ಉತ್ತರ ಇದು: ಒಂದು ಸೀಸನ್ನಿನ ಕೂದಲೆಳೆ ಸೋಲುಗಳನ್ನು ಅದೃಷ್ಟದ ಖಾತೆಗೆ ಹಾಕಿ, ಮೂರು ಸೀಸನ್ ಹಾಗೇ ಆದರೆ ಒದೆಯುವವನನ್ನೂ, ಶಿಸ್ತನ್ನೂ, ಕೊನೆಯ ಎರಡು ನಿಮಿಷದಲ್ಲಿ ಕೋಚ್ ಕೊಡುವ ಆದೇಶಗಳನ್ನೂ ಪರೀಕ್ಷಿಸಿ.

ರೂಲ್ ಜೊತೆಗೆ ಇನ್ನೊಂದು ವಾದವೂ ಬಂತು, ಮೂರನೇ ವರ್ಷದ ವಾದ. ಅವರು ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ ಎರಡು, ಎರಡನೇ ವರ್ಷ ಆರು, ಮೂರನೇ ವರ್ಷ ಹತ್ತು ಗೆದ್ದಿದ್ದರು. ಬೇಲರ್‌ನಲ್ಲಿ ಒಂದು, ಏಳು, ಹನ್ನೊಂದು. ನೆಬ್ರಾಸ್ಕಾದಲ್ಲಿ 2023ರಲ್ಲಿ ಐದು, 2024ರಲ್ಲಿ ಏಳು. 2016ರ ನಂತರ ಮೊದಲ ಬಾರಿಗೆ ಬೌಲ್ ಆಡಿ, ಬಾಸ್ಟನ್ ಕಾಲೇಜನ್ನು ಸೋಲಿಸಿದ್ದರು. ಹಾಗಾದರೆ 2025ರಲ್ಲಿ ಹತ್ತು ಖಚಿತ ಎಂದು ಎಷ್ಟೋ ಜನ ನಂಬಿದರು. ವೇಳಾಪಟ್ಟಿಯೂ ಸಲೀಸಾಗಿತ್ತು. ಬಂದದ್ದು, ಬೌಲ್ ಸೇರಿ, ಮತ್ತೆ ಏಳು ಗೆಲುವು, ಆರು ಸೋಲು. ಎರಡು ಉದಾಹರಣೆಗಳಿಂದ ನಿಯಮ ಹುಟ್ಟುವುದಿಲ್ಲ. ಟೆಂಪಲ್, ಬೇಲರ್ ಎರಡೂ 2021ರ ಬದಲಾವಣೆಗಳಿಗಿಂತ ಮುಂಚಿನವು. ಅಲ್ಲಿ ರೂಲ್ ಬೆಳೆಸಿದ ಹುಡುಗರು ಮೂರನೇ ವರ್ಷಕ್ಕೂ ಅಲ್ಲೇ ಇದ್ದರು.

ಹಾಗೆಂದು ಆರು ಎನ್ನುವವರೇ ಜಾಣರು, ಒಂಬತ್ತು ಎನ್ನುವವರು ಭ್ರಮೆಯಲ್ಲಿದ್ದಾರೆ ಎಂದು ತಿಳಿಯಬೇಡಿ. ಅದೇ ಬಿಗ್ ಟೆನ್‌ನ ಇಂಡಿಯಾನಾ ಫುಟ್‌ಬಾಲಿನಲ್ಲಿ ಶತಮಾನ ಕಾಲ ಸೋಲಿಗೇ ಹೆಸರಾದ ವಿಶ್ವವಿದ್ಯಾಲಯ. 2023ರಲ್ಲಿ ಮೂರು ಗೆದ್ದು ಒಂಬತ್ತು ಸೋತಿತ್ತು. ಕರ್ಟ್ ಸಿಗ್ನೆಟಿ ಕೋಚ್ ಆಗಿ ಬಂದ ಮೊದಲ ವರ್ಷವೇ ಹನ್ನೊಂದು ಗೆದ್ದಿತು, ನೆಬ್ರಾಸ್ಕಾವನ್ನು 56-7ರಿಂದ ಮಣಿಸಿತು. 2025ರ ಸೀಸನ್ನಿನಲ್ಲಿ ಒಂದೂ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಅದು ಸಾಧ್ಯವಾದ ಮೇಲೆ ಯಾವ ಊರಿನ ಯಾವ ಮುದುಕನ ಆಸೆಯನ್ನೂ ತಳ್ಳಿಹಾಕಲು ನನಗೆ ಬಾಯಿ ಬರುವುದಿಲ್ಲ. ಆದರೆ ನೆಬ್ರಾಸ್ಕಾ 2016ರ ಸೆಪ್ಟೆಂಬರಿನಲ್ಲಿ ಒರೆಗಾನನ್ನು ಸೋಲಿಸಿದ ಮೇಲೆ 2025ರ ಕೊನೆಯವರೆಗೂ ಎಪಿ ಸುದ್ದಿಸಂಸ್ಥೆಯ ಶ್ರೇಯಾಂಕ ಪಟ್ಟಿಯ ಮೊದಲ ಇಪ್ಪತ್ತೈದರಲ್ಲಿದ್ದ ಒಂದು ತಂಡವನ್ನೂ ಸೋಲಿಸಿಲ್ಲ. ಆ ಬೀಗ ಒಡೆಯುವವರೆಗೆ ನನ್ನ ಸಂಖ್ಯೆ ಏಳೇ.

ನೀವು ಅಂಥ ಊರಿನಲ್ಲಿದ್ದು, ಈ ಮಾತುಕತೆಗೆ ಸೇರಬೇಕೆಂದಿದ್ದರೆ ಆಟದ ಎಲ್ಲ ನಿಯಮ ಕಲಿಯುವವರೆಗೆ ಕಾಯಬೇಡಿ. ವೇಳಾಪಟ್ಟಿಯ ಒಂದು ಹಾಳೆ ಜೇಬಿನಲ್ಲಿಟ್ಟುಕೊಳ್ಳಿ. ಯಾರಾದರೂ ಒಂಬತ್ತು ಎಂದರೆ ಹಾಳೆ ಮುಂದಿಟ್ಟು, ಯಾವ ಒಂಬತ್ತು ಎಂದು ಕೇಳಿ. ಅವರು ಕುರ್ಚಿ ಎಳೆದು ನಿಮಗೆ ಜಾಗ ಮಾಡಿಕೊಡುತ್ತಾರೆ.